ಎತ್ವ

ಮೊಂಟೆವಿಡಿಯೊ ಬಂದರಿನ ಸುಂಕದ ಕಟ್ಟೆಯಲ್ಲಿ
ಹನ್ನೊಂದು ದಿನ ಕೂತಿತ್ತು ಲಕೋಟೆ.
ಒಳಗೇನು? ಕಾಗದ.
ಕಾಗದದ ಮೇಲೇನು? ಪೆನ್ಸಿಲಿನಲ್ಲಿ ಗೀಚಿದ ಒಂದು ಸೊನ್ನೆ.
ಸೊನ್ನೆಯೊಳಗೆ?
ಒಣಗಿದ ಹನಿ, ಸ್ವಾಮಿ, ಕಣ್ಣಿಗೆ ಕಾಣುವಂಥದ್ದಲ್ಲ.
ಬೆಲೆ ಎಷ್ಟು ಬರೆಯಲಿ?
ಸೊನ್ನೆ, ಎಂದಳು ನೆಲಿದಾ.
ಅದನ್ನೇ ಬರೆದುಕೊಂಡ.

ಆ ಸೊನ್ನೆಯೊಳಗೆ ಕೋಟಿ ಸೊನ್ನೆಗಳು,
ಒಂದೊಂದೂ ಬೆಸುಗೆ ಕಾಣದ ಬಳೆ.
ತುದಿ ಮೊದಲಿಲ್ಲದ್ದನ್ನು ಎಲ್ಲಿಂದ ಓದುವುದು?
ಅದಕ್ಕೇ ಒಂದು ವೈರಸ್ಸಿನಿಂದ ಕದ್ದ ಪೀಠಿಕೆ:
ಇಲ್ಲಿಂದ, ಜೋರಾಗಿ.
ಆಮೇಲೆ ಮನುಷ್ಯರ ಮಿದುಳಿನ ಟೌ,
ನರದೊಳಗಿನ ಹಳಿಗಳು ಕಳಚದಂತೆ ಹಿಡಿಯುವ ಪ್ರೋಟೀನು.
ಅದರ ಬಾಲಕ್ಕೆ ಕಟ್ಟಿದೆ
ಲೋಳೆಮೀನಿನ ಹಸಿರು ದೀಪ.

ಕತ್ತರಿಸಿದಳು, ನೆನೆಸಿದಳು,
ಕರುಳಿನ ಬ್ಯಾಕ್ಟೀರಿಯಕ್ಕೆ ಕುಡಿಸಿದಳು.
ನಲವತ್ತೆರಡು ಡಿಗ್ರಿ, ನಲವತ್ತೈದು ಸೆಕೆಂಡು,
ಮತ್ತೆ ಮಂಜುಗಡ್ಡೆ.
ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟ ಹಾಗೆ
ರಾತ್ರಿಯಿಡೀ ಬೆಚ್ಚಗಿಟ್ಟಳು.
ಬೆಳಿಗ್ಗೆ, ಔಷಧ ಬೆರೆಸಿದ ತಟ್ಟೆಯ ಮೇಲೆ
ಬಳೆ ತೊಟ್ಟವು ಮಾತ್ರ ಉಳಿದಿದ್ದವು,
ಸಾಸಿವೆ ಕಾಳಿನಷ್ಟು, ಮೂವತ್ತೇಳು.

ಇವತ್ತೇನು ಹುಟ್ಟಿತು, ಎಂದು ದಿನಾ ಕೇಳುತ್ತಾನೆ
ಬಾಗಿಲು ಕಾಯುವ ಎಬೆರ್.
ಕಂಕುಳಲ್ಲಿ ಬಿಸಿನೀರ ಫ್ಲಾಸ್ಕು,
ಕೈಯಲ್ಲಿ ಕಹಿಸೊಪ್ಪಿನ ಸೋರೆಬುರುಡೆ.
ಇವತ್ತು ಮೂತ್ರಪಿಂಡದ ಕೋಶಗಳಿಗೆ ಉಣಿಸಿದೆ.
ಮಿದುಳಿನದನ್ನು ಮೂತ್ರಪಿಂಡಕ್ಕಾ?
ಹೌದು. ಹುಟ್ಟದೇ ಹೋದ ಯಾವುದೋ ಕೂಸಿನದು.
ಐವತ್ತು ವರ್ಷದಿಂದ ಎಲ್ಲ ದೇಶದ ಪ್ಲಾಸ್ಟಿಕ್ ಬಟ್ಟಲುಗಳಲ್ಲಿ
ಸಾಯುವುದನ್ನು ಕಲಿಯದೆ ಬೆಳೆಯುತ್ತಿದೆ.
ಹೇಳಿದ್ದು ಮಾಡುತ್ತದೆ. ಯಾಕೆಂದು ಕೇಳುವುದಿಲ್ಲ.
ಎಬೆರ್ ಏನೂ ಹೇಳಲಿಲ್ಲ.
ಬುರುಡೆಯನ್ನು ಅವಳ ಕಡೆ ಚಾಚಿದ.

ಎರಡನೇ ರಾತ್ರಿ ಹಸಿರು.
ದೀಪ ಆರಿಸಿದ ಕೋಣೆಗೆ ಅವನನ್ನೂ ಕರೆದಳು.
ಹೊರಗೆ ಪಾಂಪೆರೊ ಗಾಳಿ
ನದಿಯನ್ನೆತ್ತಿ ಕಟ್ಟೆಗೆ ಬಡಿಯುತ್ತಿತ್ತು.
ಒಳಗೆ ಕೋಶ ಕೋಶವೂ ನೂಲು ನೂಲಾಗಿ
ಸದ್ದಿಲ್ಲದೆ ಹೊತ್ತಿಕೊಂಡಿತ್ತು.
ಚೆಲುವಾಗಿದೆ, ಎಂದ ಎಬೆರ್,
ಉಸಿರು ಗಾಜಿಗೆ ತಾಗೀತೆಂದು
ಬಾಯಿಗೆ ಕೈ ಅಡ್ಡ ಹಿಡಿದು.

ಶುಕ್ರವಾರ ವರದಿ ಬಂತು.
ಸಾವಿರದ ಮುನ್ನೂರು ಚಿಲ್ಲರೆ ಅಕ್ಷರಗಳಲ್ಲಿ
ಒಂದು ಬೇರೆ.
ಸಿ ಇರಬೇಕಾದಲ್ಲಿ ಟಿ.
ಅವಳು ಕೇಳಿದ್ದು ನೆಟ್ಟಗಿರುವವರ ಟೌ,
ಬಂದದ್ದು ಐವತ್ತಕ್ಕೇ
ಮನೆಮಂದಿಯ ಹೆಸರು ಕಳೆದುಕೊಳ್ಳುವವರದು.
ಗೋಥೆನ್‌ಬರ್ಗಿನಲ್ಲಿ ಯಾರೋ
ನಳಿಕೆಯ ಮುಚ್ಚಳದ ಮೇಲಿನ ಒಂದನ್ನು ಏಳೆಂದು ಓದಿದ್ದರು.

ನನ್ನ ಭಾಷೆಯಲ್ಲಾದರೆ ಸುಲಭ:
ಮೆರೆ ಎಂಬಲ್ಲಿ ಒಂದು ಎತ್ವ ಜಾರಿದರೆ
ಮರೆ.
ಸ್ಪ್ಯಾನಿಷ್‌ನಲ್ಲಿ ಅದನ್ನು ಹೇಗೆ ಹೇಳುತ್ತಾಳೆ?
ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು, ಅಷ್ಟೆ.
ಎಬೆರ್ ಕನ್ನಡಕ ಒರೆಸಿಕೊಂಡು ನೋಡಿದ.
ಮೊನ್ನೆಯದೂ ಇದೇನಾ? ಅಷ್ಟು ಚೆಲುವಾಗಿತ್ತಲ್ಲ.
ಲೋಳೆಮೀನಿನ ದೀಪಕ್ಕೇನು ಗೊತ್ತು
ತಾನು ಯಾರ ಹೊಸಿಲಲ್ಲಿ ಉರಿಯುತ್ತಿದ್ದೇನೆಂದು.

ತಿದ್ದಿಬಿಡು, ವಾರದ ಕೆಲಸ, ಎಂದರು
ಪ್ರೊಫೆಸರ್ ಎಚೆವೆರ್ರಿ, ಕೋಟು ಹಾಕಿಕೊಳ್ಳುತ್ತ.
ಮೂವತ್ತಕ್ಷರದ ಒಂದು ಚೂರು,
ಹದಿನೆಂಟು ಸುತ್ತು ಕಾಸಿ ಆರಿಸಿದರೆ
ಟಿ ಮತ್ತೆ ಸಿ.
ಅಷ್ಟೇನಾ? ಎಂದ ಎಬೆರ್.
ನಳಿಕೆಯಲ್ಲಿ ಅಷ್ಟೇ.

ಹಳೆಯದನ್ನು ಬ್ಲೀಚಿಗೆ ಸುರಿಯಲು ಹೋದವಳು
ಬಾಟಲಿ ಕೆಳಗಿಟ್ಟಳು.
ತಪ್ಪು ವಿಳಾಸ ಹೌದು. ತಪ್ಪು ಪಾಠ ಅಲ್ಲ.
ಎಲ್ಲೋ ಒಂದು ಮನೆತನದಲ್ಲಿ
ಮೂಗಿನ ತುದಿಯ ಜೊತೆಗೆ, ಗುಂಗುರು ಕೂದಲ ಜೊತೆಗೆ
ತಾಯಿಯಿಂದ ಮಗನಿಗೆ
ಒಂದಕ್ಷರ ಬಿಡದೆ ಇಳಿದದ್ದು.
ಇದನ್ನೇ ಹುಡುಕುತ್ತಿರುವ ಇನ್ನೊಬ್ಬರು ಇರಬಹುದು.

ಹೊಸ ಮುಚ್ಚಳ ತೆಗೆದಳು.
ಒಂದಕ್ಕೆ ಬರೀ ನೆಟ್ಟ ಗೆರೆ.
ಏಳಕ್ಕೆ ನಡುವೆ ಅಡ್ಡಗೀಟು,
ಎರಡು ಸಲ ತಿದ್ದಿ,
ಶಾಯಿ ಒಣಗಲೆಂದು ಊದುತ್ತ ನಿಂತಳು.